ಡಿಮೆನ್ಶಿಯಾ ಇರುವವರಿಗೆ ಯಾವ ವಾಚ್ ಕೊಡಿಸಬೇಕು?

ಮರೆಗುಳಿತನದ ಹಿರಿಯರು ಮನೆಯಲ್ಲಿರುವವರು ಹೆಚ್ಚುಕಡಿಮೆ ಎಲ್ಲರೂ ಕೇಳುವುದು ಇದನ್ನೇ. ಉತ್ತರಕ್ಕೆ ಮೊದಲು ನಮ್ಮದೊಂದು ಪ್ರಶ್ನೆ: ನಿಮಗಿರುವ ಭಯ ಯಾವುದು? ಹೇಳದೆ ಹೊರಗೆ ಹೋಗಿಬಿಡುತ್ತಾರೆಂದೋ, ಬೀಳುತ್ತಾರೆಂದೋ, ರಾತ್ರಿ ನಿದ್ದೆ ಮಾಡುವುದಿಲ್ಲವೆಂದೋ? ಮೂರಕ್ಕೂ ಆಗುತ್ತದೆ ಎಂದು ಡಬ್ಬದ ಮೇಲೆ ಬರೆದಿರುತ್ತದೆ. ಮೂರರಲ್ಲೂ ಒಂದೇ ಸಮ ನಂಬುವಂತಿಲ್ಲ.

ಹೊರಗೆ ಹೋಗುವುದೇ ಚಿಂತೆಯಾದರೆ ಜಿಪಿಎಸ್ ಜೊತೆಗೆ ವಾಚಿಗೆ ತನ್ನದೇ ಸಿಮ್ ಇರಬೇಕು. ಬ್ಲೂಟೂತ್ ಮೂಲಕ ಫೋನನ್ನು ನೆಚ್ಚಿಕೊಂಡ ವಾಚ್, ಫೋನ್ ಮನೆಯಲ್ಲೇ ಉಳಿದರೆ ಬೀದಿಯ ತಿರುವಿನಲ್ಲೇ ಮೂಕವಾಗುತ್ತದೆ. ಬೀಗದ ಕೈಗೆ ಹಾಕುವ ಬ್ಲೂಟೂತ್ ಟ್ಯಾಗ್ ಪಕ್ಕದಲ್ಲಿ ಯಾರದಾದರೂ ಫೋನ್ ಹಾದುಹೋದರಷ್ಟೇ ತಾನೆಲ್ಲಿದ್ದೇನೆಂದು ಹೇಳೀತು. ಜನವಿಲ್ಲದ ದಾರಿಯಲ್ಲಿ ಕೈಕೊಡುತ್ತದೆ. ಹಳೆಯ 2ಜಿ ವಾಚ್ ಯಾರಾದರೂ ಕೊಟ್ಟರೆ ಆ ನೆಟ್‌ವರ್ಕ್ ಇನ್ನೂ ಇದೆಯೇ ನೋಡಿ. ಹಲವು ದೇಶಗಳಲ್ಲಿ ಅದನ್ನು ನಿಲ್ಲಿಸಿಯಾಗಿದೆ.

ವಾಚಿನ ಆ್ಯಪ್‌ನಲ್ಲಿ ಮನೆಯ ಸುತ್ತ, ದಾಟಿದರೆ ನಿಮ್ಮ ಫೋನ್ ಕೂಗುವಂಥ ಗಡಿ ಹಾಕುವಾಗ ಭಯಕ್ಕೆ ಅದನ್ನು 30 ಮೀಟರಿಗೆ ಬಿಗಿ ಮಾಡುವವರೇ ಹೆಚ್ಚು. ಬಯಲಿನಲ್ಲಿ ಐದಾರು ಮೀಟರ್ ತಪ್ಪುವ ಜಿಪಿಎಸ್ ಚಾವಣಿಯ ಕೆಳಗೆ ಕುರುಡು. ಆಗ ವಾಚ್ ವೈಫೈ ಅಥವಾ ಮೊಬೈಲ್ ಟವರ್ ನೋಡಿ ಅಂದಾಜು ಮಾಡುತ್ತದೆ, ಟವರಿನ ಅಂದಾಜು ನೂರಾರು ಮೀಟರ್ ತಪ್ಪಬಹುದು. ಅವರು ಮಂಚದ ಮೇಲೆ ಮಲಗಿರುವಾಗಲೇ ‘ಹೊರಗೆ ಹೋದರು’ ಎಂದು ನಿಮ್ಮ ಫೋನ್ ಬೊಬ್ಬೆ ಹಾಕುತ್ತದೆ. ನಾಲ್ಕು ಸಲ ಹೀಗಾದರೆ ಐದನೆಯ ಸಲ ಯಾರೂ ಏಳುವುದಿಲ್ಲ. 150 ಮೀಟರಿನಿಂದ ಶುರುಮಾಡಿ.

ಜಾಗವನ್ನು ಎಷ್ಟು ಹೊತ್ತಿಗೊಮ್ಮೆ ಕಳಿಸಬೇಕೆಂಬ ಸೆಟ್ಟಿಂಗ್ ಇನ್ನೊಂದು ತಲೆನೋವು. 10 ನಿಮಿಷಕ್ಕೊಮ್ಮೆ ಎಂದಿಟ್ಟರೆ, ಗಂಟೆಗೆ 4 ಕಿ.ಮೀ. ನಡೆಯುವವರು ಸುದ್ದಿ ಬರುವಷ್ಟರಲ್ಲಿ 650 ಮೀಟರ್ ದೂರ ಹೋಗಿರಬಹುದು. 1 ನಿಮಿಷಕ್ಕಿಳಿಸಿದರೆ ಬ್ಯಾಟರಿ ಸಂಜೆಯವರೆಗೂ ಬಾರದಿರಬಹುದು. ಬಾಗಿಲಿಗೆ ಅಂಟಿಸುವ ಅಯಸ್ಕಾಂತದ ಸೆನ್ಸರ್ ಬಾಗಿಲು ತೆರೆದ ಕೂಡಲೇ ಕೂಗುತ್ತದೆ. ನಮ್ಮನ್ನು ಕೇಳಿದರೆ ಅದು ಮೊದಲು, ವಾಚ್ ಆಮೇಲೆ.

ಇಷ್ಟೆಲ್ಲ ಮಾಡಿದ ಮೇಲೂ ಕೆಡುವುದು ಚಾರ್ಜಿಂಗ್‌ನಲ್ಲಿ. ನಮ್ಮ ಫೋನಿನಂತೆ ಅದನ್ನೂ ರಾತ್ರಿ ಚಾರ್ಜಿಗೆ ಹಾಕುತ್ತೇವೆ. ಆದರೆ ಅನೇಕರಿಗೆ ಗೊಂದಲ ಹೆಚ್ಚುವುದೇ ಸಂಜೆಯಿಂದಾಚೆಗೆ, ಎದ್ದು ಹೊರಡುವುದೂ ಆಗಲೇ. ಸ್ನಾನ, ತಿಂಡಿಯ ಹೊತ್ತಿಗೆ ಹೇಗೂ ಯಾರಾದರೂ ಜೊತೆಗಿರುತ್ತಾರಲ್ಲ, ಆಗ ಚಾರ್ಜ್ ಮಾಡಿ.

ಬಿಚ್ಚಿ ಬಿಸಾಡುತ್ತಾರೆ ಎಂಬ ದೂರು ಸಾಮಾನ್ಯ. ಬಲಗೈಯಲ್ಲಿ ಕೆಲಸ ಮಾಡುವವರಿಗೆ ಬಲಗೈಗೇ ಕಟ್ಟಿ. ಎಡಗೈಯಿಂದ ಬಕಲ್ ಬಿಚ್ಚುವುದು ಕಷ್ಟ. ಆದರೂ ಕಿತ್ತುಹಾಕುತ್ತಿದ್ದರೆ ಪಟ್ಟಿಯ ಕೆಳಗೆ ತುರಿಕೆಯಿದೆಯೇ ನೋಡಿ. ವಯಸ್ಸಾದವರ ಚರ್ಮ ತೆಳು, ಒದ್ದೆ ಉಳಿದರೆ ಗುಳ್ಳೆ ಏಳುತ್ತದೆ. ಒಂದು ಬೆರಳು ತೂರುವಷ್ಟು ಸಡಿಲವಿರಲಿ, ದಿನಕ್ಕೊಮ್ಮೆ ಬಿಚ್ಚಿ ಒರೆಸಿ. ಮೊದಲಿನಿಂದ ವಾಚ್ ಕಟ್ಟದವರಿಗೆ ಸೊಂಟದ ಬೆಲ್ಟಿಗೆ ಸಿಕ್ಕಿಸುವ ಅಥವಾ ಕೊರಳಿಗೆ ಹಾಕುವ ಸಾಧನ ಒಗ್ಗೀತು. ಬರಿಗಾಲಲ್ಲಿ ಹೊರಡುವವರಿಗೆ ಶೂ ಒಳಗಿನ ಟ್ರ್ಯಾಕರ್ ದಂಡ.

ಬಿದ್ದದ್ದನ್ನು ವಾಚ್ ಗುರುತಿಸುವುದು ಜೋರಾದ ಪೆಟ್ಟು ಮತ್ತು ಆಮೇಲಿನ ನಿಶ್ಚಲತೆಯಿಂದ. ಮಂಚದಿಂದ ಮೆಲ್ಲಗೆ ಜಾರಿ ನೆಲಕ್ಕೆ ಕೂತವರು ಅದರ ಲೆಕ್ಕಕ್ಕೆ ಬಾರದಿರಬಹುದು. ಆಪತ್ತಿನಲ್ಲಿ ಒತ್ತಿ ಸಹಾಯಕ್ಕೆ ಕರೆಯುವ ಎಸ್‌ಒಎಸ್ ಬಟನ್ ಕಾಯಿಲೆಯ ಶುರುವಿನಲ್ಲಿ ಸರಿ. ಬಟನ್ ಇದೆಯೆಂಬುದೇ ಮರೆತ ಮೇಲೆ ಒತ್ತುವವರಾರು? ನಿದ್ದೆಯ ಲೆಕ್ಕವನ್ನಂತೂ ಅರ್ಧ ನಂಬಿ. ಅಲುಗಾಡದೆ ಎಚ್ಚರವಾಗಿ ಮಲಗಿದ್ದರೂ ಅದಕ್ಕೆ ನಿದ್ದೆಯೇ. ಹೆಜ್ಜೆಗಳ ಎಣಿಕೆಯನ್ನು ಮಾತ್ರ ಅವರದೇ ಹಿಂದಿನ ಎರಡು ವಾರಗಳೊಂದಿಗೆ ಹೋಲಿಸಿ ನೋಡುತ್ತಿರಿ. ದಿಢೀರನೆ ಇಳಿದರೆ ನೋವೋ, ಮೂತ್ರದ ಸೋಂಕೋ, ಹೊಸ ಮಾತ್ರೆಯ ಮಂಪರೋ ಇರಬಹುದು; ವೈದ್ಯರಿಗೆ ತಿಳಿಸಿ.

ತಿಳಿಯುವ ಶಕ್ತಿ ಇರುವಾಗಲೇ ಅವರನ್ನು ಕೇಳಿ: ಇದನ್ನು ಕಟ್ಟಿಕೊಳ್ಳುತ್ತೀರಾ, ನೀವೆಲ್ಲಿದ್ದೀರೆಂದು ಯಾರು ಯಾರು ನೋಡಬಹುದು?

ಕಟ್ಟುವ ಮೊದಲು ನೀವೇ ವಾಚ್ ಹಾಕಿಕೊಂಡು ಬೇರೆ ಬೇರೆ ಹೊತ್ತಿನಲ್ಲಿ ಮೂರು ಸಲ ಹೊರಗೆ ನಡೆದು, ಎಷ್ಟು ನಿಮಿಷಕ್ಕೆ ಮನೆಯವರ ಫೋನ್ ಕೂಗಿತೆಂದು ಬರೆದಿಡಿ. ಕೂಗಿದಾಗ ಹೊರಡುವವರು ಯಾರು, ಅವರಿಲ್ಲದಿದ್ದರೆ ಯಾರು ಎಂಬುದೂ ಗೊತ್ತಾಗಿರಲಿ. ನಿಜಕ್ಕೂ ಕಾಣೆಯಾದರೆ ಒಬ್ಬರು ನಕ್ಷೆಯ ಕೊನೆಯ ಚುಕ್ಕೆಯತ್ತ ಓಡಲಿ, ಇನ್ನೊಬ್ಬರು ಮನೆಯ ಮೂಲೆಮೂಲೆ ಹುಡುಕಲಿ. ಅಲ್ಲೂ ಸಿಗದಿದ್ದರೆ ಕಾಯದೆ ಪೊಲೀಸರಿಗೆ ಹೇಳಿ. ವಾಚಿನ ಪಟ್ಟಿಯ ಮೇಲೆ ಅಳಿಸದ ಇಂಕಿನಲ್ಲಿ ನಿಮ್ಮ ನಂಬರ್ ಬರೆದಿರಲಿ. ಬ್ಯಾಟರಿ ಸತ್ತರೂ ಅದನ್ನು ದಾರಿಹೋಕರು ಓದಬಲ್ಲರು.