ಸ್ಟೀಲ್ ಫ್ಲೈಓವರ್ ಯೋಜನೆ ನಿಂತುಹೋದದ್ದು ಹೇಗೆ?

ಬೆಂಗಳೂರಿನ ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ 6.7 ಕಿ.ಮೀ. ಉಕ್ಕಿನ ಮೇಲ್ಸೇತುವೆ. ವೆಚ್ಚ 1,791 ಕೋಟಿ ರೂಪಾಯಿ, ಬೀಳಬೇಕಿದ್ದ ಮರಗಳು 812. 2016ರ ಸೆಪ್ಟೆಂಬರ್ ಕೊನೆಗೆ ಸಂಪುಟ ಒಪ್ಪಿದ ಯೋಜನೆಯನ್ನು 2017ರ ಮಾರ್ಚ್ 2ರಂದು ಸರ್ಕಾರವೇ ಕೈಬಿಟ್ಟಿತು. ಇದನ್ನು ‘ಜನಶಕ್ತಿಯ ಗೆಲುವು’ ಎಂದುಬಿಟ್ಟರೆ ಕಲಿಯಲು ಏನೂ ಉಳಿಯುವುದಿಲ್ಲ.

ವಿರೋಧಿಸಿದವರು ಒಂದೇ ಸಂಘದವರಲ್ಲ. ಬಡಾವಣೆಗಳ ನಿವಾಸಿ ಸಂಘಗಳು, ಕೆರೆ ಉಳಿಸುವವರು, ಮರ ಎಣಿಸುವವರು, ಸೈಕಲ್ ಸವಾರರು, ನಗರ ಯೋಜನೆ ಬಲ್ಲವರು ಎಲ್ಲರೂ ಬೇರೆ ಬೇರೆ. ಅವರನ್ನು ಬೆಸೆದವರು ಎರಡು ಮೂರು ಗುಂಪುಗಳಲ್ಲಿ ಏಕಕಾಲಕ್ಕೆ ಓಡಾಡುವ ಕೆಲವೇ ಮಂದಿ. 2016ರ ಅಕ್ಟೋಬರ್ 16ರಂದು ಆ ರಸ್ತೆಯುದ್ದಕ್ಕೂ ಸಾವಿರಾರು ಜನ ಕೈಕೈ ಹಿಡಿದು ನಿಂತರು. ಫೋಟೊಗಳಲ್ಲಿ ಉಳಿದದ್ದು ಅದೇ. ಆದರೆ ಕೆಲಸ ಸಾಗಿದ್ದು ಕಾಗದದಲ್ಲಿ.

ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಜನಾಭಿಪ್ರಾಯ ಕೇಳಿದಾಗ ಬಂದದ್ದು 299 ಇ-ಮೇಲ್, ಹೆಚ್ಚಿನವು ಯೋಜನೆಯ ಪರ ಎಂದು ಹೇಳಲಾಯಿತು. ಲಕ್ಷಾಂತರ ಜನರನ್ನು ಮುಟ್ಟುವ ರಸ್ತೆಗೆ ಇಷ್ಟು ಸಾಕೇ ಎಂಬುದೇ ಮೊದಲ ಪ್ರಶ್ನೆಯಾಯಿತು. ಸಂವಿಧಾನದ 243ಜೆಡ್‌ಇ ವಿಧಿ ಹೇಳುವ ಮಹಾನಗರ ಯೋಜನಾ ಸಮಿತಿಯ ಪಾತ್ರವೇನು ಎಂಬುದು ಇನ್ನೊಂದು. ಪರಿಸರದ ಪ್ರಶ್ನೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋಯಿತು. ಅಕ್ಟೋಬರ್ ಕೊನೆಗೆ ತಡೆಯಾಜ್ಞೆ ಬಂತು.

ನನ್ನ ಮಟ್ಟಿಗೆ ನಿರ್ಣಾಯಕವಾದದ್ದು ಈ ತಡೆ. ನಡುವೆ ಸಿಕ್ಕ ತಿಂಗಳುಗಳಲ್ಲಿ ಲಂಚದ ಆರೋಪಗಳು ಎದ್ದವು, ವಿರೋಧ ಪಕ್ಷಗಳು ದನಿಗೂಡಿಸಿದವು. ಆರೋಪಗಳನ್ನು ಅಲ್ಲಗಳೆದ ಸರ್ಕಾರ, ಕಳಂಕ ಬೇಡವೆಂದೇ ಯೋಜನೆ ಬಿಟ್ಟೆವು ಎಂದಿತು. ಸಡಿಲ ಬಳಗಗಳು ಸರ್ಕಾರವನ್ನು ಮಣಿಸಲಿಲ್ಲ; ತಡಮಾಡಿಸಿದವು. ತಡವಾದಷ್ಟೂ ಯೋಜನೆಯ ರಾಜಕೀಯ ಬೆಲೆ ಏರಿತು.

ಹಾಗಾಗಿ ಯಾವುದೇ ಯೋಜನೆಯಲ್ಲಿ ಟೆಂಡರ್‌ಗೆ ಮೊದಲೇ ವಿವರವಾದ ಯೋಜನಾ ವರದಿ (ಡಿಪಿಆರ್) ಜನರ ಕೈಗೆ ಬರಬೇಕು. ಅದನ್ನು ಪಡೆಯುವ ದಾರಿ ಮಾಹಿತಿ ಹಕ್ಕು (ಆರ್‌ಟಿಐ) ಅರ್ಜಿ: ಶುಲ್ಕ 10 ರೂಪಾಯಿ, ಉತ್ತರಕ್ಕೆ ಅವಧಿ 30 ದಿನ. ಸಾಮಾನ್ಯವಾಗಿ ಎಡವುವುದು ಇಲ್ಲಿ: ‘ಯೋಜನೆಯ ಎಲ್ಲ ಮಾಹಿತಿ ಕೊಡಿ’ ಎಂದು ಬರೆದರೆ ಅಧಿಕಾರಿಗೆ ನಿರಾಕರಿಸಲು ದಾರಿ ಸುಲಭ. ಸಂಚಾರ ಅಧ್ಯಯನದ ಪ್ರತಿ, ಮರಗಳ ಪಟ್ಟಿ, ಸಭೆಯ ನಡಾವಳಿ ಎಂದು ದಾಖಲೆಯ ಹೆಸರು ಹಿಡಿದು ಕೇಳಬೇಕು. 30 ದಿನ ಕಳೆದೂ ಉತ್ತರವಿಲ್ಲದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಬೇಕು. ಈ ಗಡುವು ಮರೆಯುವವರೇ ಹೆಚ್ಚು.

‘ಬೇಡ’ ಎನ್ನಲು ಕೂಡಿದ ಬಳಗ ‘ಬೇಕು’ ಎನ್ನುವಾಗ ಬೇಗ ಚದುರುತ್ತದೆ. ಬೇಡವೆನ್ನಲು ಒಂದೇ ಕಾರಣ ಎಲ್ಲರಿಗೂ ಸಾಕು. ಬಸ್‌ಗೆ ಪ್ರತ್ಯೇಕ ಪಥ ಬೇಕೆಂದ ಕೂಡಲೇ ಕಾರಿರುವ ನಿವಾಸಿ ಸಂಘವೂ ಬಸ್ ಪ್ರಯಾಣಿಕರೂ ಬೇರೆಯಾಗುತ್ತಾರೆ. ಅಧಿಕಾರಿಗಳ ಬಾಗಿಲು ತಟ್ಟಲು ಬಿಡುವು, ಇಂಗ್ಲಿಷು, ಪರಿಚಯ ಇರುವವರ ಮಾತೇ ನಗರದ ಮಾತಾಗಿ ದಾಖಲಾಗುತ್ತದೆ. ಗಾರ್ಮೆಂಟ್ಸ್ ಕೆಲಸದ ಹೆಣ್ಣುಮಕ್ಕಳು, ಬೀದಿ ವ್ಯಾಪಾರಿಗಳು ಆ ಸಭೆಗಳಿಗೆ ಬರಬೇಕಾದರೆ ಸಭೆ ಸಂಜೆ ಏಳರ ನಂತರವೋ ಭಾನುವಾರವೋ ಇರಬೇಕು, ಕನ್ನಡದಲ್ಲಿ ನಡೆಯಬೇಕು.