ಏಳು ಸುತ್ತು, ಏಳು ಆಕಾಶ, ಜೊತೆಗೊಂದು ನಾಯಿ

ನಮ್ ದುರ್ಗದೋರಿಗೆ ಏಳು ಅಂದ್ರೆ ಏಳು ಸುತ್ತಿನ ಕೋಟೆನೇ ನೆನಪಾಗೋದು, ಆದ್ರೆ ಮೊನ್ನೆ ಪಕ್ಕದ್ಮನೆ ಚಾಚಾ ಹತ್ರ ಮಾತಾಡ್ತಾ ಕೂತಾಗ ಕುರಾನಲ್ಲೂ ಏಳರದ್ದೇ ಕಾರುಬಾರು ಅಂತ ಗೊತ್ತಾಯ್ತು, ಏಳು ಆಕಾಶ, ಮೊದಲ್ನೇ ಅಧ್ಯಾಯ ಫಾತಿಹಾದಲ್ಲಿ ಏಳು ವಚನ, ಮೆಕ್ಕಾಕ್ಕೆ ಹೋದೋರು ಕಾಬಾ ಸುತ್ತ ಹಾಕೋದೂ ಏಳೇ ಸುತ್ತು. ಆಟೋ ಹಿಂದೆ ಬರೆಸ್ಕೊಂಡಿರ್ತಾರಲ್ಲ 786, ಅದು ಮಾತ್ರ ಕುರಾನಲ್ಲಿ ಎಲ್ಲೂ ಇಲ್ಲ! ಬಿಸ್ಮಿಲ್ಲಾ ವಾಕ್ಯದ ಅರಬ್ಬಿ ಅಕ್ಷರಕ್ಕೆಲ್ಲ ಒಂದೊಂದು ಬೆಲೆ ಕೊಟ್ಟು ಕೂಡಿದ್ರೆ ಬರೋ ಮೊತ್ತ ಅಷ್ಟೇ.

ನಂಗೆ ಭಾಳ ಹಿಡಿಸಿದ್ದು 18ನೇ ಅಧ್ಯಾಯದ ಗುಹೆ ಕಥೆ. ದೇವರನ್ನ ನಂಬಿದ ಕೆಲವು ಹುಡುಗ್ರು ಗುಹೆ ಸೇರಿ ನಿದ್ದೆ ಹೋಗ್ತಾರೆ, ಬಾಗಿಲಲ್ಲಿ ಅವರ ನಾಯಿ. ಎಷ್ಟು ಜನ ಇದ್ರು? ಮೂವರು ನಾಕನೇದು ನಾಯಿ ಅಂತಾರೆ, ಐವರು ಆರನೇದು ನಾಯಿ ಅಂತಾರೆ, ಏಳು ಜನ ಎಂಟನೇದು ನಾಯಿ ಅಂತಾರೆ, ಅವರ ಸಂಖ್ಯೆ ದೇವರಿಗೇ ಚೆನ್ನಾಗಿ ಗೊತ್ತು ಸುಮ್ನೆ ವಾದ ಮಾಡ್ಬೇಡಿ ಅಂತ ಕುರಾನೇ ಹೇಳ್ಬಿಡುತ್ತೆ. ಯಾರ ಲೆಕ್ಕದಲ್ಲೂ ನಾಯಿ ಬಿಟ್ಟುಹೋಗಿಲ್ಲ ನೋಡಿ 😄

ಮಲಗಿದ್ದು 300 ವರ್ಷ, ಮೇಲೆ 9 ಅಂತ ಬರುತ್ತೆ. ಸೂರ್ಯನ ಲೆಕ್ಕದ 300 ವರ್ಷ ಚಂದ್ರನ ಲೆಕ್ಕದಲ್ಲಿ ಸುಮಾರು 309 ಆಗುತ್ತೆ, ಅದಕ್ಕೇ ಹಂಗೆ ಬಿಡಿಸಿ ಹೇಳಿರೋದು ಅಂತ ಕೆಲವು ವ್ಯಾಖ್ಯಾನಕಾರರು ಅಂತಾರೆ. ಇನ್ನು ನರಕ ಕಾಯೋರು 19 ಅಂತ ಒಂದು ವಚನ ಐತೆ, ಅದೊಂದು ನಂಬರ್ ಹಿಡ್ಕೊಂಡು ಇಡೀ ಗ್ರಂಥಕ್ಕೇ ಸೀಕ್ರೆಟ್ ಕೋಡ್ ಹುಡುಕೋರೂ ಇದಾರೆ. ನಂಗಂತೂ ಆ ಕ್ಯಾಲ್ಕುಲೇಟರ್ ಭಕ್ತಿ ತಲೆಗೆ ಹತ್ತಲ್ಲ, ಚಾಚಾಗೂ ಅಷ್ಟೇ.