ನನ್ನ ಪಾಲಿಗೆ ಎರಡೇ ಸ್ವರ

ಕೈಗಂಟೆ (ಹ್ಯಾಂಡ್‌ಬೆಲ್) ಮೇಳದ ಪ್ರವಾಸವೆಂದರೆ ನುಡಿಸುವುದಕ್ಕಿಂತ ಹೊರುವುದೇ ಹೆಚ್ಚು ಎಂದು ಸೇರುವಾಗ ಯಾರೂ ಹೇಳಿರಲಿಲ್ಲ. ಐದು ಸಪ್ತಕಗಳ ಪೂರ್ಣ ಸೆಟ್ಟಿನಲ್ಲಿ, ಸ್ವರಕ್ಕೊಂದರಂತೆ, 61 ಕಂಚಿನ ಗಂಟೆಗಳು. ಪ್ರತಿ ಊರಿನಲ್ಲೂ ಪೆಟ್ಟಿಗೆ ಇಳಿಸಬೇಕು, ಮೇಜು ಜೋಡಿಸಬೇಕು, ಅದರ ಮೇಲೆ ದಪ್ಪ ಸ್ಪಂಜು ಹಾಸಬೇಕು. ಮುಗಿದ ಮೇಲೆ ಒಂದೊಂದನ್ನೂ ಒರೆಸಿ ಮತ್ತೆ ಪೆಟ್ಟಿಗೆಗೆ. ಕೈಗವಸು ಹಾಕಿಯೇ ನುಡಿಸುತ್ತೇವೆ, ಆದರೂ ಬೆರಳಿನ ಗುರುತು ಅದೆಲ್ಲಿಂದ ಬರುತ್ತದೋ!

ನಿನ್ನೆ ಕಾರ್ಯಕ್ರಮದ ನಡುವೆ ನನ್ನ ಸ್ವರಲಿಪಿಯ ಎರಡು ಹಾಳೆಗಳು ಒಟ್ಟಿಗೆ ಮಗುಚಿಕೊಂಡವು. ಇಲ್ಲಿ ಒಬ್ಬೊಬ್ಬರ ಪಾಲಿಗೆ ಸಾಮಾನ್ಯವಾಗಿ ಎರಡೇ ಸ್ವರ. ಒಬ್ಬರು ತಪ್ಪಿದರೆ ಮುಂದಿನ ಹಲ್ಲು ಬಿದ್ದ ಹಾಗೆ, ಸಂದು ಎಲ್ಲರಿಗೂ ಕಾಣುತ್ತದೆ. ಪಕ್ಕದಲ್ಲಿದ್ದ ಗೆಳತಿ ತಲೆಯನ್ನೂ ತಿರುಗಿಸಲಿಲ್ಲ. ತನ್ನ ಗಂಟೆಯನ್ನು ಭುಜಕ್ಕೊತ್ತಿ ನಾದ ಅಡಗಿಸಿದಳು, ಹಾಳೆ ಸರಿಪಡಿಸಲೆಂದು ನಾನು ಕೆಳಗಿಟ್ಟಿದ್ದ ಗಂಟೆಯನ್ನೆತ್ತಿ ಸರಿಯಾದ ಗಳಿಗೆಗೆ ಒಮ್ಮೆ ನುಡಿಸಿದಳು, ಮತ್ತೆ ಅಲ್ಲೇ ಮಲಗಿಸಿದಳು. ತಿಂಗಳುಗಟ್ಟಲೆ ಅಭ್ಯಾಸದಲ್ಲಿ ಅವಳು ನನ್ನ ಸಾಲನ್ನೂ ಕಲಿತಿದ್ದಳೆಂದು ನನಗೆ ಗೊತ್ತಾಗಿದ್ದು ಆಗಲೇ. ನಾನಂತೂ ಅವಳದನ್ನು ಕಲಿತಿಲ್ಲ.

ಆಮೇಲೆ ಆ ಬಗ್ಗೆ ಅವಳು ಒಂದು ಮಾತೂ ಆಡಲಿಲ್ಲ. ಮಂದ್ರದ ಗಂಟೆಗಳ ಪೆಟ್ಟಿಗೆ ಎತ್ತುವಾಗ ಮಾತ್ರ, ಭಾರದ ಕಡೆಯ ಹಿಡಿಯನ್ನು ನಗುತ್ತಾ ನನಗೇ ಬಿಟ್ಟಳು.